ಎಡಗಾಲಿನ ಗುರುತು

ಒಬ್ಬ ಗಂಡಸು ಮೊಟ್ಟಮೊದಲ ಸಲ ನಿಮ್ಮ ಹತ್ತಿರ ಬಂದು, ಗಂಟಲು ಸರಿಮಾಡಿಕೊಂಡು, ಕೊರಳಲ್ಲಿ ನೇತಾಡುವ ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಾ ಏನೋ ಹೇಳಲು ಹೊರಟರೆ ನೀವು ಏನನ್ನು ನಿರೀಕ್ಷಿಸುತ್ತೀರೋ ನನಗೆ ಗೊತ್ತಿಲ್ಲ. ನಾನಂತೂ ಇದನ್ನು ನಿರೀಕ್ಷಿಸಿರಲಿಲ್ಲ.

"ಮೇಡಂ, ನಿಮ್ಮ ಎಡಗಾಲಿನ ಚಪ್ಪಲಿ ಹೊರಗಡೆ ಅಂಚಲ್ಲಿ ಸವೆದಿರಬೇಕು, ಅಲ್ವಾ?"

ಅದು ಸ್ಟಾಫ್ ರೂಮಿನ ಹೊರಗಿನ ಮೆಟ್ಟಿಲು. ನಾನು ಆ ಕಾಲೇಜಿಗೆ ಕೆಮಿಸ್ಟ್ರಿ ಪಾಠ ಮಾಡಲು ಬಂದು ಇನ್ನೂ ಒಂದು ಟರ್ಮ್ ಕೂಡ ಕಳೆದಿರಲಿಲ್ಲ. ಎದುರಿಗೆ ನಿಂತಿದ್ದವರು ಕಾಲೇಜಿನ ಅಥ್ಲೆಟಿಕ್ಸ್ ಕೋಚ್. ಓಟ, ಜಿಗಿತ, ಎಸೆತ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುವವರು. ವಿದ್ಯಾರ್ಥಿಗಳು ಅವರಿಗೆ ಇಟ್ಟ ಹೆಸರು ಹದ್ದು ಸರ್. ಮೈದಾನದ ಆ ತುದಿಯಲ್ಲಿ ಯಾರೇ ಸುಸ್ತಾಗಿ ನಡೆಯಲು ಶುರುಮಾಡಿದರೂ ಈ ತುದಿಯಿಂದ ಅವರದೇ ಹೆಸರು ಹಿಡಿದು ಕೂಗುತ್ತಾರಂತೆ. ಆ ಕಣ್ಣು ತಪ್ಪಿಸಿ ಯಾರೂ ಒಂದು ಸುತ್ತು ನುಂಗಿಹಾಕುವ ಹಾಗಿಲ್ಲವಂತೆ.

ಹದ್ದಿನ ಕಣ್ಣು ನನ್ನ ಮೇಲೂ ಬಿದ್ದಿದೆ ಎಂಬುದು ಆಗ ತಿಳಿಯಿತು. ಬಸ್ ಸ್ಟಾಪಿನಿಂದ ನಮ್ಮ ಲ್ಯಾಬಿಗೆ ಬರುವ ದಾರಿ ಮೈದಾನದ ತಂತಿಬೇಲಿಯ ಪಕ್ಕದಲ್ಲೇ ಹಾದುಬರುತ್ತದೆ. ಅಂದರೆ ದಿನಾ ಬೆಳಗ್ಗೆ ಈ ಮನುಷ್ಯ ನಾನು ನಡೆಯುವುದನ್ನು ನೋಡುತ್ತಾ ನಿಂತಿರುತ್ತಾನೆ. ನನ್ನ ಕಿವಿ ಬಿಸಿಯಾಯಿತು. ಸಿಟ್ಟಿಗೋ ಇನ್ನೊಂದಕ್ಕೋ ಎಂದು ವಿಚಾರಿಸುವಷ್ಟು ಸಮಾಧಾನ ಇರಲಿಲ್ಲ.

"ಚಪ್ಪಲಿ ಅಂಗಡಿಗೆ ಹೋಗುವಾಗ ನಿಮ್ಮನ್ನ ಕರೀತೀನಿ ಸರ್," ಎಂದು ತಣ್ಣಗೆ ಹೇಳಿ ಒಳಗೆ ಹೋದೆ.

"ಸೊಂಟಾನೂ ನೋಯ್ತಿರಬೇಕು," ಎಂದು ಬೆನ್ನ ಹಿಂದೆ ದನಿ ಬಂತು. ಅದರಲ್ಲಿ ತುಂಟತನದ ಸುಳಿವೇ ಇರಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ಬರಿಸಿತು.

ನಾನು ಇರುವುದು ಅಕ್ಕ ಭಾವನ ಮನೆಯ ಮಹಡಿ ಕೋಣೆಯಲ್ಲಿ. ಅಕ್ಕ ಕೆಳಗೆ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಆ ಸಂಜೆ ಬಾಗಿಲಲ್ಲೇ ಚಪ್ಪಲಿ ಕಳಚಿ ತಿರುವಿ ನೋಡಿದೆ. ಎಡಗಾಲಿನದು ಹೊರ ಅಂಚಿನಲ್ಲಿ ಚೆನ್ನಾಗಿ ಸವೆದಿತ್ತು. ಬಲಗಾಲಿನದು ಹೊಸದರ ಹಾಗಿತ್ತು. ನಡೆದದ್ದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವಳು ನನ್ನ ಪರವಾಗಿ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ತೆಗೆದಿಟ್ಟು ನಕ್ಕಳು.

"ನಂಗೂ ಗೊತ್ತಿತ್ತು ಕಣೇ. ನಿನ್ನ ಬಟ್ಟೆ ಅಂಚು ಯಾವಾಗ್ಲೂ ಒಂದು ಕಡೆ ಜಾಸ್ತಿ ಇಳಿಯುತ್ತೆ. ಆ ಕಡೆ ಸ್ವಲ್ಪ ಎತ್ತಿ ಹೊಲೀತೀನಿ. ಹೇಳಿದ್ರೆ ಜಗಳಕ್ಕೆ ಬರ್ತೀಯ ಅಂತ ಸುಮ್ನಿದ್ದೆ."

ಇಷ್ಟು ವರ್ಷ ನನ್ನ ಬೆನ್ನ ಹಿಂದೆ ನನ್ನ ಅಂಚು ಎತ್ತಿ ಹೊಲಿದವಳು ಅವಳು. ಮೂವತ್ತಾರು ವರ್ಷದ ನನ್ನ ಬಗ್ಗೆ ನನಗಿಂತ ಹೆಚ್ಚು ಒಬ್ಬ ದರ್ಜಿಗೂ ಒಬ್ಬ ಓಟದ ಮೇಷ್ಟ್ರಿಗೂ ಗೊತ್ತಿತ್ತು.

ಸೊಂಟ ನೋಯುತ್ತಿದ್ದುದು ನಿಜ. ದಿನವಿಡೀ ಲ್ಯಾಬಿನಲ್ಲಿ ನಿಂತರೆ ಸಂಜೆ ಹೊತ್ತಿಗೆ ಮೆಟ್ಟಿಲು ಹತ್ತುವುದೇ ಸಾಕಾಗುತ್ತಿತ್ತು. ವಯಸ್ಸಾಯಿತು ಎಂದು ಕೈಬಿಟ್ಟಿದ್ದೆ. ಕೆಲವು ದಿನ ಬಿಗುಮಾನದಿಂದ ಇದ್ದೆ. ಕೊನೆಗೆ ನೋವು ಗೆದ್ದಿತು. ಒಂದು ಸಂಜೆ ಬೇಲಿಯ ಚಿಕ್ಕ ಗೇಟು ತಳ್ಳಿ ಮೈದಾನಕ್ಕೆ ಇಳಿದೆ.

ಅವರು ಲಾಂಗ್ ಜಂಪಿನ ಮರಳು ಸಮ ಮಾಡುತ್ತಿದ್ದರು. ಪಕ್ಕದಲ್ಲಿ ಸಾಮಾನಿನ ಕೋಣೆ ತೆರೆದಿತ್ತು. ಮೂಲೆಯಲ್ಲಿ ಹಗ್ಗದಿಂದ ಕಟ್ಟಿ ನಿಲ್ಲಿಸಿದ ಜಾವೆಲಿನ್‌ಗಳು, ಉರುಳಿಹೋಗದಿರಲಿ ಎಂದು ಹಳೇ ಟೈರಿನೊಳಗೆ ಕೂರಿಸಿದ ಶಾಟ್‌ಪುಟ್ ಗುಂಡುಗಳು, ಗೆರೆ ಎಳೆಯುವ ಸುಣ್ಣದ ಪುಡಿಯ ಚೀಲ, ಅವರೇ ಬಣ್ಣ ಬಳಿದು ಒಣಗಲು ಬಿಟ್ಟಿದ್ದ ಹರ್ಡಲ್‌ಗಳು. ಯಾವ ಗೃಹಿಣಿಯ ಅಡುಗೆಮನೆಯೂ ಅಷ್ಟು ಅಚ್ಚುಕಟ್ಟಾಗಿ ಇರಲಿಕ್ಕಿಲ್ಲ.

"ಸವೆದಿದೆ," ಎಂದೆ. ಬೇರೆ ಪೀಠಿಕೆ ತೋಚಲಿಲ್ಲ.

ಅವರು ಗೆದ್ದ ನಗೆ ನಗಲಿಲ್ಲ. ಕೈಯಲ್ಲಿದ್ದ ಕೋಲನ್ನು ಗೋಡೆಗೆ ಒರಗಿಸಿ, ಮರಳಿನ ಅಂಚಿನ ಮೇಲೆ ಒಂಟಿಕಾಲಲ್ಲಿ ನಿಲ್ಲಲು ಹೇಳಿದರು. ಕೆಳಗೆ ನೋಡಬಾರದು, ಎದುರಿನ ಮರ ನೋಡಬೇಕು. ನಾನು ಮರ ನೋಡಿದೆ, ಮರುಕ್ಷಣ ಮರಳಿನಲ್ಲಿ ಕೂತಿದ್ದೆ. ಆಗ ಮಾತ್ರ ಅವರು ನಕ್ಕರು. ನಗುವಾಗ ತಲೆ ಬಗ್ಗಿಸುವ ಅಭ್ಯಾಸ ಅವರಿಗೆ. ನಗು ನನಗೆ ಸಿಕ್ಕಿದ್ದು ಅರ್ಧ, ಉಳಿದರ್ಧ ಮರಳಿಗೆ.

ಅಂದಿನಿಂದ ಸಂಜೆಯ ಪಾಠ ಶುರುವಾಯಿತು. ಪ್ರಾಕ್ಟೀಸ್ ಮುಗಿದು ಓಟಗಾರರು ಮೈ ಸಡಿಲಿಸಿಕೊಳ್ಳುವ ಹೊತ್ತಿಗೆ ನಾನು ಹೋಗುತ್ತಿದ್ದೆ. ಅವರು ನನ್ನನ್ನು ಮೆಟ್ಟಿಲು ಹತ್ತಿಸುತ್ತಿದ್ದರು, ಇಳಿಸುತ್ತಿದ್ದರು, ರಬ್ಬರ್ ಪಟ್ಟಿ ಕಟ್ಟಿ ಅಡ್ಡಡ್ಡ ನಡೆಸುತ್ತಿದ್ದರು. ಲ್ಯಾಬಿನಲ್ಲಿ ಬೀಕರ್ ತೊಳೆಯುವಾಗಲೂ ಒಂಟಿಕಾಲಲ್ಲಿ ನಿಲ್ಲಬೇಕೆಂದು ಅಪ್ಪಣೆಯಾಗಿತ್ತು. ವಿದ್ಯಾರ್ಥಿಗಳು ನೋಡಿ ಮುಸಿಮುಸಿ ನಕ್ಕರು. ನಾನು ಕ್ಯಾರೇ ಅನ್ನಲಿಲ್ಲ.

ಕಾಯುವ ಹೊತ್ತಿನಲ್ಲಿ ಅವರ ಕೆಲಸ ನೋಡುತ್ತಿದ್ದೆ. ಅವರು ಓಟವನ್ನು ನೋಡುತ್ತಿರಲಿಲ್ಲ, ಸೊಂಟ ನೋಡುತ್ತಿದ್ದರು. ಮಂಡಿಗೆ ಕೈಯೂರಿ ಬಗ್ಗಿ, ಕಣ್ಣು ಕಿರಿದು ಮಾಡಿ, ಒಬ್ಬೊಬ್ಬರ ಹೆಜ್ಜೆಯನ್ನೂ ತೂಗುವವರ ಹಾಗೆ ನೋಡುತ್ತಿದ್ದರು. ಬಳಿಕ ಗದರದೆ, ಕಿವಿಯ ಹತ್ತಿರ ಹೋಗಿ ಎರಡೇ ಮಾತು ಹೇಳುತ್ತಿದ್ದರು. ಮುಂದಿನ ಸುತ್ತಿಗೆ ಆ ಓಟಗಾರ್ತಿಯ ಭುಜ ಇಳಿದಿರುತ್ತಿತ್ತು, ಮುಖದ ಬಿಗಿ ಬಿಟ್ಟಿರುತ್ತಿತ್ತು. ಕನ್ನಡಕವೊಂದು ಸದಾ ಅವರ ಅಂಗಿಯ ಗುಂಡಿಗೆ ಸಿಕ್ಕಿಕೊಂಡಿರುತ್ತಿತ್ತು. ಮೂಗಿನ ಮೇಲೆ ಅದನ್ನು ನಾನು ಕಂಡವಳಲ್ಲ. ಓದಲು ಇರಬೇಕು ಅಂದುಕೊಂಡಿದ್ದೆ.

ಒಂದು ದಿನ ಅವರ ಕಥೆ ಕೇಳಿದೆ. ಅವರೂ ಹರ್ಡಲ್ಸ್ ಓಡುತ್ತಿದ್ದವರು. ಇದೇ ಕಾಲೇಜು, ಇದೇ ಮಣ್ಣಿನ ಟ್ರ್ಯಾಕ್. ದೊಡ್ಡ ಕೂಟಕ್ಕೆ ಆಯ್ಕೆಯಾಗುವ ಹೊತ್ತಿಗೆ ಬಲ ಮಂಡಿ ಹೋಯಿತು. ಆಮೇಲೆ ಓಡಿದ್ದೇ ಇಲ್ಲವಂತೆ, ಬಸ್ಸು ತಪ್ಪಿದರೂ.

"ಕಾಲು ಒಂದೇ ದಿನಕ್ಕೆ ಹಾಳಾಗಲ್ಲ ಮೇಡಂ. ಮೊದಲೇ ಹೇಳುತ್ತೆ. ಯಾರಾದ್ರೂ ನೋಡ್ಬೇಕು ಅಷ್ಟೆ. ನನ್ನದನ್ನ ಯಾರೂ ನೋಡ್ಲಿಲ್ಲ."

ಇಷ್ಟನ್ನು ಹೇಳಿ ಸ್ಟಾಪ್‌ವಾಚ್ ಒರೆಸುತ್ತಾ ಕೂತರು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲಿಯೇ. ತನಗೆ ಸಿಗದ ಒಂದು ನೋಟವನ್ನು ಈ ಮನುಷ್ಯ ಊರಿಗೆಲ್ಲ ಹಂಚುತ್ತಾ ನಿಂತಿದ್ದಾರೆ ಅನ್ನಿಸಿತು. ಅವರ ಕೈಯಲ್ಲಿ ಬೆಳೆದ ಒಳ್ಳೊಳ್ಳೆಯ ಓಟಗಾರರನ್ನೆಲ್ಲ ಕೊನೆಗೆ ದೂರದ ದೊಡ್ಡ ಕ್ರೀಡಾ ಕೇಂದ್ರದವರು ಕರೆದೊಯ್ಯುತ್ತಿದ್ದರು. ಪದಕ ಬಂದಾಗ ಫೋಟೊದಲ್ಲಿ ಪಕ್ಕಕ್ಕೆ ನಿಲ್ಲುವವರು ಬೇರೆಯವರು. ಇವರು ಮಾರನೆಯ ದಿನ ಸುಣ್ಣದ ಗೆರೆ ಎಳೆಯಲು ಹಾಜರ್.

ಆದರೆ ಒಂದು ಕೊರಗಿತ್ತು. ಅವರು ನನ್ನ ಮುಖ ನೋಡಿ ಮಾತಾಡುತ್ತಿರಲಿಲ್ಲ. ಪಾದ, ಮಂಡಿ, ಸೊಂಟ, ಅಲ್ಲಿಗೆ ಮುಗಿಯಿತು. ನಾನು ತಲೆಗೂದಲನ್ನು ಬೇರೆ ಥರ ಕಟ್ಟಿಕೊಂಡು ಹೋದ ದಿನವೂ ಹಿಮ್ಮಡಿಯನ್ನೇ ಹೊಗಳಿದರು. ಅಕ್ಕನಿಗೆ ದೂರು ಕೊಟ್ಟೆ. ಹಾಗಾದರೆ ಕಾಲಿಗೆ ಒಳ್ಳೇ ಉಗುರುಬಣ್ಣ ಹಚ್ಚು ಎಂದಳು ಮಹರಾಯಿತಿ.

ಕೊನೆಗೆ ನಾನೇ ಕೇಳಿಬಿಟ್ಟೆ. "ನನ್ನ ಕಾಲಲ್ಲಿ ಮಾತ್ರ ದೋಷ ಇರೋದಾ ಸರ್? ಮುಖದಲ್ಲಿ ಏನೂ ಇಲ್ವಾ?"

ಅವರ ಕಿವಿ ಕೆಂಪಾಯಿತು. ಒಂದು ಗಳಿಗೆ ತಲೆ ಎತ್ತಿ ನನ್ನ ಕಣ್ಣು ನೋಡಿದರು. ಅದೇನು ನೋಟವೋ, ಬೀಕರನ್ನು ಬರ್ನರ್ ಮೇಲಿಟ್ಟು ಮರೆತವಳ ಹಾಗೆ ನಾನು ನಿಂತೇ ಇದ್ದೆ. ಆಮೇಲೆ ಅವರು ಮರಳಿನ ಕೋಲಿಗೆ ಹೇಳುವವರ ಹಾಗೆ ಹೇಳಿದರು, "ಹತ್ತಿರದಿಂದ ನೋಡೋಕೆ ಧೈರ್ಯ ಸಾಲಲ್ಲ."

ಆ ಸಂಜೆ ಬಸ್ಸಿನಲ್ಲಿ ನನ್ನ ಸ್ಟಾಪ್ ದಾಟಿ ಮುಂದಕ್ಕೆ ಹೋಗಿದ್ದೆ.

ಹೀಗೆ ನಡೆಯುತ್ತಿದ್ದಾಗ ಆ ಕ್ರೀಡಾ ಕೇಂದ್ರದಿಂದ ಅವರಿಗೇ ಕರೆ ಬಂತು. ಈ ಸಲ ಓಟಗಾರರಿಗಲ್ಲ, ಅವರಿಗೆ. ಓಟದ ವಿಭಾಗಕ್ಕೆ ಮುಖ್ಯ ಕೋಚ್ ಬೇಕಾಗಿದ್ದರು. ಸಿಂಥೆಟಿಕ್ ಟ್ರ್ಯಾಕ್, ದೇಶದ ತಂಡಕ್ಕೆ ತಯಾರಾಗುವ ಹುಡುಗಿಯರು, ಜೊತೆಗೆ ಫಿಸಿಯೋ. ಒಬ್ಬ ಕೋಚ್ ಜೀವಮಾನವೆಲ್ಲ ಕಾಯುವ ಕೆಲಸ. ಊರು ಮಾತ್ರ ಬಹಳ ದೂರ. ಮರುದಿನವೇ ಉತ್ತರ ಕೊಡಬೇಕಿತ್ತು.

ಇದನ್ನು ಅವರು ಹರ್ಡಲ್‌ಗಳನ್ನು ಒಂದರ ಮೇಲೊಂದು ಜೋಡಿಸುತ್ತಾ ಹೇಳಿದರು. ಕೊನೆಯದನ್ನು ಇಟ್ಟು, ಅದನ್ನೇ ಹಿಡಿದು ನಿಂತರು.

"ನಂಗೆ ಮಾತು ಬರಲ್ಲ ಮೇಡಂ. ನಾಳೆ ಬೆಳಗ್ಗೆ ಬೇಲಿ ದಾರಿ ಬಿಟ್ಟು ಚಿಕ್ಕ ಗೇಟಿಂದ ಬಂದು ಟ್ರ್ಯಾಕ್ ಮೇಲೆ ನಡ್ಕೊಂಡು ಹೋಗಿ. ಹಾಗೆ ಬಂದ್ರೆ ನಾನು ಇಲ್ಲೇ ಇರ್ತೀನಿ, ಅವರಿಗೆ ಆಗಲ್ಲ ಅಂತೀನಿ. ಎಂದಿನ ದಾರೀಲೇ ಹೋದ್ರೆ ನಂಗೆ ಅರ್ಥ ಆಗುತ್ತೆ. ಮತ್ತೆ ಆ ಮಾತು ಎತ್ತಲ್ಲ."

ನಾನು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು. ಈಗಲೇ ಹೇಳಿದರೆ ಅದು ಮರ್ಯಾದೆಯ ಮಾತಾಗುತ್ತದೆ, ಮಲಗಿ ಎದ್ದ ಮೇಲೆ ಮನಸ್ಸಿನಲ್ಲಿ ಉಳಿದದ್ದೇ ನಿಜ ಎಂದರು. ಬೀಗ ಹಾಕಿ ಹೊರಟೇಬಿಟ್ಟರು.

ನನಗೆ ಮಲಗಿ ಏಳುವ ಅಗತ್ಯ ಇರಲಿಲ್ಲ. ನನಗೆ ಅವರು ಬೇಕಿತ್ತು. ಆದರೆ ಆ ಕೆಲಸ ಬಿಟ್ಟ ಅವರು ಬೇಡವಾಗಿತ್ತು. ಟ್ರ್ಯಾಕ್ ಮೇಲೆ ನಡೆದು ಹೋಗಿ, ಅವರು ಕೇಂದ್ರಕ್ಕೆ ಉತ್ತರ ಕೊಡುವ ಮೊದಲೇ, ಕೆಲಸ ಬಿಡಬೇಡಿ ಎಂಬ ಎರಡನೆಯ ಮಾತನ್ನೂ ಹೇಳಿಬಿಡುವುದೆಂದು ಗಟ್ಟಿ ಮಾಡಿಕೊಂಡೆ.

ಬೆಳಗ್ಗೆ ಅಕ್ಕ ತನ್ನ ಕಪಾಟಿನಿಂದ ನನಗೆಂದೇ ಹಿಂದೆ ಹೊಲಿದಿಟ್ಟಿದ್ದ ತಿಳಿನೀಲಿ ಬಟ್ಟೆ ತೆಗೆದಳು. ತೊಡಿಸಿ, ಒಂದು ಸುತ್ತು ಬಂದು, ಹುಬ್ಬು ಗಂಟಿಕ್ಕಿದಳು. ಎತ್ತಿ ಹೊಲಿದಿದ್ದ ಕಡೆ ಈಗ ಅಂಚು ಮೇಲೆ ಹೋಗಿತ್ತು.

"ಅಯ್ಯೋ, ನೀನು ನೆಟ್ಟಗಾಗಿದೀಯ ಕಣೇ," ಎಂದು ಅಲ್ಲೇ ಕೂತು ಹೊಲಿಗೆ ಬಿಚ್ಚಿದಳು. ಅವಳ ಕಣ್ಣಲ್ಲಿ ನೀರಿತ್ತು.

ಕೂದಲು ಮೇಲಕ್ಕೆ ಕಟ್ಟಿದೆ. ಹೊಸ ಶೂ ಹಾಕಿದೆ. ಎಂದಿನ ಕಂದು ಚೀಲದ ಬದಲು ಅಕ್ಕನ ಬಿಳಿ ಚೀಲ ಹೆಗಲಿಗೇರಿಸಿದೆ. ಚಿಕ್ಕ ಗೇಟು ತಳ್ಳಿ ಒಳಗೆ ಇಳಿದೆ.

ಕಾಲೇಜುಗಳ ಕೂಟ ಹತ್ತಿರ ಬಂದಿದ್ದರಿಂದ ಮೈದಾನದಲ್ಲಿ ಜನ ಬಹಳ ಇದ್ದರು. ಬೇರೆ ಕಡೆಯ ಓಟಗಾರರು, ಮೇಷ್ಟ್ರುಗಳು, ತಂದೆ ತಾಯಂದಿರು. ಅವರು ದೂರದ ತಿರುವಿನಲ್ಲಿ ನಿಂತು ಒಂದೇ ಸಮನೆ ಈ ಕಡೆ ನೋಡುತ್ತಿದ್ದರು. ನಾನು ಸುಣ್ಣದ ಗೆರೆಗಳ ನಡುವೆ ನಡೆದೆ. ಅವರು ಕಲಿಸಿದ ಒಂದೊಂದನ್ನೂ ನೆನೆಸಿಕೊಂಡು ನಡೆದೆ. ಭುಜ ಸಡಿಲ, ಸೊಂಟ ಸಮ, ಕಣ್ಣು ಎದುರಿಗೆ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ನಡೆದಿರಲಿಲ್ಲ. ಆ ನಡಿಗೆಯೇ ನನ್ನ ಉತ್ತರವಾಗಿತ್ತು.

ಅವರ ನೋಟ ನನ್ನ ಮೇಲೆ ಬಂತು. ನಿಂತಿತು. ನಾನು ನಕ್ಕೆ.

ನೋಟ ನನ್ನನ್ನು ದಾಟಿ ಗೇಟಿನ ಕಡೆಗೆ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಬೆನ್ನು ತಿರುಗಿಸಿ ಸೀಟಿ ಊದಿದರು.

ಲ್ಯಾಬಿನವರೆಗೆ ಹೇಗೆ ಹೋದೆನೋ. ರಾತ್ರಿಯಲ್ಲಿ ಮನಸ್ಸು ಬದಲಾಗಿದೆ, ಕೆಲಸ ಗೆದ್ದಿದೆ ಎಂದು ಅರ್ಥಮಾಡಿಕೊಂಡೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ಆ ಕೆಲಸ ತೆಗೆದುಕೊಳ್ಳಿ ಎಂದು ನಾನೇ ಹೇಳುವವಳಿದ್ದೆ. ಆದರೆ ನನ್ನನ್ನು ಅಷ್ಟು ದೂರ ನಡೆಸಿ, ನೋಡಿ, ಬೆನ್ನು ತಿರುಗಿಸಬೇಕಿತ್ತೆ? ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಸುದ್ದಿ ಬಂತು. ಹದ್ದು ಸರ್ ಒಪ್ಪಿಕೊಂಡಿದ್ದಾರೆ, ವಾರಾಂತ್ಯಕ್ಕೆ ಹೊರಡುತ್ತಾರೆ. ಎಲ್ಲರೂ ಖುಷಿಪಟ್ಟರು. ನಾನೂ ಹಲ್ಲು ಕಚ್ಚಿಕೊಂಡು ಪಟ್ಟೆ.

ಆಮೇಲೆ ಹಿಂದಿನ ಗೇಟಿನಿಂದ ಕಾಲೇಜಿಗೆ ಬರತೊಡಗಿದೆ. ಮೈದಾನದ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ಅಕ್ಕ ನೀಲಿ ಬಟ್ಟೆಯನ್ನು ಇಸ್ತ್ರಿ ಮಾಡಿ ನನ್ನ ಕಪಾಟಿನಲ್ಲಿಟ್ಟಳು. ಭಾವ ಊಟದ ಹೊತ್ತಿನಲ್ಲಿ ಬೇಡದ ಜೋಕುಗಳನ್ನು ಹೇಳಿ ನನ್ನನ್ನು ನಗಿಸಲು ನೋಡುತ್ತಿದ್ದರು.

ಬೀಳ್ಕೊಡುಗೆಗೆ ಹೋಗದಿದ್ದರೆ ಚೆನ್ನಾಗಿರುವುದಿಲ್ಲ. ಹೋದೆ. ಟೀ, ಬಿಸ್ಕೆಟ್, ಪ್ರಿನ್ಸಿಪಾಲರ ಉದ್ದನೆಯ ಭಾಷಣ. ಅವರು ಮೂಲೆಯ ಕುರ್ಚಿಯಲ್ಲಿ ಹೊಸ ಅಂಗಿ ಹಾಕಿಕೊಂಡು ಜ್ವರ ಬಂದವರ ಹಾಗೆ ಕೂತಿದ್ದರು. ನಾನು ಹೂಗುಚ್ಛ ಕೊಟ್ಟು, ಒಳ್ಳೆಯದಾಗಲಿ ಸರ್ ಎಂದೆ. ಅವರು ಎದ್ದು ನಿಂತು, ಎಲ್ಲರ ಮುಂದೆ ನನ್ನ ಮುಖವನ್ನೇ ನೋಡಿದರು. ಏನೋ ಕೇಳುವವರಿದ್ದರು, ಕೇಳಲಿಲ್ಲ. ನಾನು ಟೀ ಮುಗಿಸದೆ ಹೊರಬಂದು, ಸಂಜೆಯವರೆಗೆ ಲ್ಯಾಬಿನಲ್ಲೇ ಕಳೆದೆ.

ಆವತ್ತು ನಾನು ಹಟಕ್ಕೆ ಹಳೇ ಚಪ್ಪಲಿ ಹಾಕಿದ್ದೆ. ಅವರ ಉಪಕಾರವೇ ಬೇಡ ಎಂದು. ನಾಲ್ಕಾರು ದಿನಗಳ ಮೇಲೆ ಬೇಲಿಯ ದಾರಿಯಲ್ಲಿ ಬಸ್ ಸ್ಟಾಪಿಗೆ ಹೊರಟೆ. ಕಣ್ಣು ತುಂಬಿ ದಾರಿ ಮಸುಕಾಗಿತ್ತು. ಭುಜ ಎಲ್ಲಿದೆ, ಸೊಂಟ ಎಲ್ಲಿದೆ ಎಂದು ಯಾರಿಗೆ ಬೇಕಿತ್ತು? ದಿನವಿಡೀ ನಿಂತು ದಣಿದಿದ್ದ ಎಡಗಾಲು ತನ್ನ ಹಳೇ ಚಾಳಿಗೆ ಬಿದ್ದಿತ್ತು.

"ಮೇಡಂ."

ತಿರುಗಿ ನೋಡಿದೆ. ಮೈದಾನದ ಆ ತುದಿಯಿಂದ, ಸಾಮಾನಿನ ಕೋಣೆಯ ಕಡೆಯಿಂದ, ಅವರು ಓಡಿ ಬರುತ್ತಿದ್ದರು. ಬಸ್ಸು ತಪ್ಪಿದರೂ ಓಡದ ಮನುಷ್ಯ ಹೊಸ ಅಂಗಿಯಲ್ಲಿ, ಮಂಡಿ ಎಳೆಯುತ್ತಾ, ಸುಣ್ಣದ ಗೆರೆಗಳನ್ನೆಲ್ಲ ತುಳಿದುಕೊಂಡು ಓಡಿ ಬರುತ್ತಿದ್ದರು. ಬೇಲಿಯ ತಂತಿ ಹಿಡಿದು ಏದುಸಿರು ಬಿಟ್ಟರು.

"ಇಷ್ಟು ದಿನ ಎಲ್ಲಿ ಹೋಗಿದ್ರಿ? ದಿನಾ ಕಾಯ್ತಿದ್ದೆ. ಬೇಲಿ ಪಕ್ಕಾನೂ ಬರ್ಲಿಲ್ಲ. ಮಾತು ಎತ್ತಲ್ಲ ಅಂದಿದ್ದೆ, ಆದ್ರೆ ಈಗ ನೀವು ಹೋಗೋದು ಕಾಣಿಸ್ತು, ತಡೆಯೋಕಾಗ್ಲಿಲ್ಲ. ಆವತ್ತು ಯಾಕೆ ಬರ್ಲಿಲ್ಲ ಅಂತ ಒಂದೇ ಒಂದು ಮಾತು ಹೇಳಿ, ಸಾಕು."

ನಾನು ದಂಗಾದೆ. "ಬಂದಿದ್ದೆ. ಟ್ರ್ಯಾಕ್ ಮೇಲೇ ಬಂದೆ. ನೀವು ನೋಡಿ ಬೆನ್ನು ತಿರುಗಿಸಿದ್ರಿ."

"ಇಲ್ಲ. ನಾನು ಪ್ರತಿಯೊಬ್ಬರ ನಡಿಗೆ ನೋಡಿದೀನಿ. ನೀವು ಇರ್ಲಿಲ್ಲ."

"ನೀಲಿ ಬಟ್ಟೆ. ಬಿಳಿ ಚೀಲ."

ಅವರ ಕೈ ತಾನಾಗಿ ಗುಂಡಿಯಲ್ಲಿದ್ದ ಕನ್ನಡಕದ ಮೇಲೆ ಹೋಯಿತು.

ಆಮೇಲೆ ಸತ್ಯ ಹೊರಬಂತು. ಹದ್ದು ಸರ್‌ಗೆ ದೂರದ್ದು ಕಾಣುವುದಿಲ್ಲ. ಚಿಕ್ಕಂದಿನಿಂದಲೂ ಹಾಗೆ. ಒಂದಷ್ಟು ದೂರ ದಾಟಿದರೆ ಮುಖಗಳೆಲ್ಲ ಮಸುಕು. ಕನ್ನಡಕ ಬೆವರಿಗೆ ಜಾರುತ್ತದೆ, ಬಗ್ಗಿದರೆ ಬೀಳುತ್ತದೆ, ಅದಕ್ಕೇ ಹಾಕಿಕೊಳ್ಳುವುದಿಲ್ಲ. ಅವರು ಜನರನ್ನು ಗುರುತಿಸುವುದು ನಡಿಗೆಯಿಂದ. ಆ ಪ್ರಖ್ಯಾತ ಕಣ್ಣಿನ ಗುಟ್ಟು ಇಷ್ಟೇ. ಆವತ್ತು ಬೆಳಗ್ಗೆ ಅವರು ಗೇಟಿನಲ್ಲಿ ಹುಡುಕುತ್ತಿದ್ದುದು ಎಂದಿನ ಕಂದು ಚೀಲವನ್ನು, ಎಡಕ್ಕೆ ಕುಸಿಯುವ ಒಂದು ಸೊಂಟವನ್ನು. ಸಂಜೆ ಎದುರಿಗೆ ನಿಲ್ಲಿಸಿ ಅದನ್ನು ತಿದ್ದಿದವರು ತಾವೇ ಎಂಬುದು, ದೂರದಿಂದ ಕಾಯುವಾಗ ಅವರ ಲೆಕ್ಕಕ್ಕೇ ಬಂದಿರಲಿಲ್ಲ.

"ನೀಲಿ ಬಟ್ಟೆಯವರು ಒಬ್ರು ಹೋದ್ರು," ಎಂದರು ತೊದಲುತ್ತಾ. "ಎಷ್ಟು ಚೆನ್ನಾಗಿ ನಡೀತಾರೆ, ಯಾರು ಕಲಿಸಿದ್ರೋ ಅಂದ್ಕೊಂಡೆ."

ನಾನು ನಗಬಾರದೆಂದು ತುಟಿ ಕಚ್ಚಿದೆ. ಆಗಲಿಲ್ಲ. ತಂತಿಬೇಲಿ ಹಿಡಿದು ಅಳುತ್ತಾ ನಕ್ಕೆ. ಅವರು ಫೋನ್ ತೆಗೆದರು. ಈಗಲೇ ಕೇಂದ್ರದವರಿಗೆ ಬರುವುದಿಲ್ಲ ಎಂದು ಹೇಳುತ್ತೇನೆ ಎಂದರು.

"ಅದನ್ನ ಜೇಬಲ್ಲಿಡಿ ಸರ್. ಆವತ್ತು ನಾನು ಎರಡು ಮಾತು ಹೇಳೋಕೆ ಬಂದಿದ್ದೆ. ನಂಗೆ ನೀವು ಬೇಕು, ಅದು ಮೊದಲನೇದು. ಆ ಕೆಲಸ ಬಿಡಬೇಡಿ, ಅದು ಎರಡನೇದು. ಕೆಮಿಸ್ಟ್ರಿ ಲ್ಯಾಬ್ ಇಲ್ಲದ ಊರನ್ನ ಇನ್ನೂ ಯಾರೂ ಕಟ್ಟಿಲ್ಲ. ಪರೀಕ್ಷೆ ಮುಗಿಸಿ ಬರ್ತೀನಿ."

ಅವರು ಫೋನನ್ನು ಜೇಬಿಗೆ ಹಾಕಿದರು. ಆಮೇಲೆ ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸಿ, ನಿಧಾನವಾಗಿ ಮೂಗಿನ ಮೇಲೆ ಏರಿಸಿದರು. ಬೇಲಿಯ ಆಚೆ ನಿಂತು ನನ್ನ ಮುಖವನ್ನು ನೋಡಿದರು. ಹಣೆ, ಹುಬ್ಬು, ಅತ್ತು ಕೆಂಪಾದ ಮೂಗು. ಓಟಗಾರರನ್ನು ನೋಡುವಾಗಿನ ಅದೇ ತಾಳ್ಮೆ. ಈ ಸಲ ನಾನೇ ತಲೆ ತಗ್ಗಿಸಿದೆ.

"ಇಲ್ಲಿ ತಿದ್ದೋದು ಏನೂ ಇಲ್ಲ," ಎಂದರು.

ಬಸ್ ಸ್ಟಾಪಿನವರೆಗೆ ಜೊತೆಯಲ್ಲಿ ನಡೆದೆವು. ಓಡಿದ ಮಂಡಿ ಅವರನ್ನು ಕುಂಟಿಸುತ್ತಿತ್ತು. ನಿಮ್ಮ ಬಲಗಾಲು ಎಳೀತಿದೆ ಸರ್ ಎಂದೆ. ಯಾರೋ ನೋಡಿದರಲ್ಲ, ಅಷ್ಟು ಸಾಕು ಎಂದು ನಕ್ಕರು. ನಾನು ಹೆಜ್ಜೆ ನಿಧಾನ ಮಾಡಿದೆ.

ಮನೆಗೆ ಕರೆದುಕೊಂಡು ಹೋದೆ. ಬಾಗಿಲು ತೆರೆದ ಅಕ್ಕ ಮೊದಲು ನನ್ನ ಕಾಲಿನ ಹಳೇ ಚಪ್ಪಲಿ ನೋಡಿದಳು, ಆಮೇಲೆ ಅವರ ಶೂ, ಆಮೇಲೆ ಮೂಗಿನ ಮೇಲಿದ್ದ ಕನ್ನಡಕ. ಕೂರಿಸಿ, ಟೀ ಕೊಟ್ಟು, ಕಥೆಯೆಲ್ಲ ಕೇಳಿಸಿಕೊಂಡಳು. ಭಾವ ನಗು ತಡೆಯಲಾರದೆ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ಅಕ್ಕ ಮಾತ್ರ ನಗಲಿಲ್ಲ.

"ನಮ್ಮ ಹುಡುಗೀನ ಕನ್ನಡಕ ಹಾಕ್ಕೊಂಡು ನೋಡಿ ಒಪ್ಪಿದ್ರಾ, ಇಲ್ಲ ಹಾಗೇನಾ?"

"ಎರಡೂ ಥರ ನೋಡಿದೀನಿ," ಎಂದರು ಅವರು, ನನ್ನ ಮುಖದಿಂದ ಕಣ್ಣು ತೆಗೆಯದೆ.

ಅಕ್ಕ ತಲೆಯಾಡಿಸಿ ಎದ್ದಳು. ಹೊಲಿಗೆ ಟೇಪು ತಂದು, ನಿಲ್ಲು ಎಂದಳು. ಹೊಸದಾಗಿ ಹೊಲಿಯಬೇಕಂತೆ, ಅಂಚು ಎರಡೂ ಕಡೆ ಸಮ ಇಟ್ಟು.